ಬಾಂಗಿಗೆ ನಾಲ್ಕು ಗುಳಿಗೆ

ಡಿ.ಫಾರ್ಮಾ ಮುಗಿಸಿ ಹೊಸ ಬಿಳಿ ಕೋಟು ಹೊಲಿಸಿಕೊಂಡ ಮಕ್ಕಳು ಈಗಲೂ ನನ್ನ ಹತ್ತಿರ ಬಂದು, ಮೆಡಿಕಲ್ ಶಾಪಿನ ಕೆಲಸದಲ್ಲಿ ಯಾವುದು ಕಷ್ಟ ಅಂಕಲ್ ಎಂದು ಕೇಳುತ್ತಾರೆ. ಡಾಕ್ಟರ ಕೈಬರಹ ಓದುವುದು, ಸಾವಿರ ಹೆಸರು ನೆನಪಿಡುವುದು ಎಂದೆಲ್ಲ ನಾನು ಹೇಳಲಿ ಎಂದು ಅವರ ಆಸೆ. ಅದೇನು ಮಹಾ? ನಾಲ್ಕು ತಿಂಗಳಲ್ಲಿ ಬರುತ್ತದೆ. ಕಷ್ಟವಾದದ್ದು ಒಂದೇ, ಗುಳಿಗೆಯನ್ನು ಕೈಗಿಟ್ಟ ಮೇಲೆ ನಮ್ಮ ಬಾಯಿಂದ ಬರುವ ಆ ಒಂದು ಮಾತು: ದಿನಕ್ಕೆ ಇಷ್ಟು ಸಲ. ಆ ಮಾತನ್ನು ನಾನು ಜೀವಮಾನದಲ್ಲಿ ಎರಡು ಸಲ ಕೆಡಿಸಿದೆ. ಒಂದನ್ನು ನೆನೆದರೆ ನನಗೇ ನಗು ಬರುತ್ತದೆ. ಇನ್ನೊಂದನ್ನು ಕೇಳಿದವರೂ ನಗುತ್ತಾರೆ, ಆದರೆ ನಾನು ಇವತ್ತಿಗೂ ಅವರ ಜೊತೆ ನಗಲಾರೆ.

ನಾನು ಹರಿಹರದವನು. ಎಪ್ಪತ್ತರ ದಶಕದಲ್ಲಿ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಡಾಕ್ಟರ್ ರುದ್ರಮುನಿಯವರ ಕಣ್ಣಿನ ಆಸ್ಪತ್ರೆ ಇತ್ತು. ಅದರ ಮುಂಭಾಗದಲ್ಲೇ ಔಷಧಿ ಅಂಗಡಿ. ಅಲ್ಲಿ ಫಾರ್ಮಸಿಸ್ಟ್ ಆಗಿ ಸೇರಿದೆ. ಬೆಳಿಗ್ಗೆ ಹರಿಹರದಲ್ಲಿ ಬಸ್ಸು ಹತ್ತುವುದು, ರಾತ್ರಿ ಎಂಟರ ಹೊತ್ತಿಗೆ ಮನೆ. ಬಡ್ತಿಯ ಕಥೆ ಕೇಳಬೇಡಿ. ಸ್ಟೂಲಿನ ಮೇಲೆ ಕೂರುತ್ತಿದ್ದವನು ಕುರ್ಚಿಗೆ ಬಂದೆ, ಅಷ್ಟೇ.

ಡಾಕ್ಟರದ್ದು ಮಾತು ಕಡಿಮೆ, ಸಿಟ್ಟು ಜಾಸ್ತಿ. ಆದರೆ ಔಷಧಿಯ ವಿಷಯ ಕೇಳಿದರೆ ಮಾತ್ರ ರೋಗಿಗಳನ್ನು ಕಾಯಿಸಿಯಾದರೂ ಹೇಳಿಕೊಡುತ್ತಿದ್ದರು. ಆಗ ವೈರಸ್ಸಿಗೆ ಔಷಧಿ ಅಂತ ನಮ್ಮ ಕಪಾಟಿನಲ್ಲಿ ಇದ್ದದ್ದು ಒಂದೇ, ಐಡಾಕ್ಸಿಯುರಿಡಿನ್ ಎಂಬ ಕಣ್ಣಿನ ಮುಲಾಮು. ಕರಿಗುಡ್ಡೆಯ ಮೇಲೆ ಹರ್ಪಿಸ್ ಹುಣ್ಣಾದವರಿಗೆ ಅದನ್ನು ಕೊಡುವುದು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು ಹೇಳಿದ್ದು ಇಷ್ಟು: ವೈರಸ್ಸು ನಿನ್ನ ಮನೆಗೆ ನುಗ್ಗಿ ನಿನ್ನ ಒಲೆ, ನಿನ್ನ ಹಿಟ್ಟಿನಲ್ಲೇ ತನ್ನ ರೊಟ್ಟಿ ಬಡಿದುಕೊಳ್ಳುವ ಕಳ್ಳ. ಈ ಮುಲಾಮು ಹಿಟ್ಟಿಗೆ ಮರಳು ಬೆರೆಸುತ್ತದೆ. ಕಳ್ಳನ ರೊಟ್ಟಿಯೂ ಕೆಡುತ್ತದೆ, ಮನೆಯವರದೂ ಕೆಡುತ್ತದೆ. ಅದಕ್ಕೇ ಕಣ್ಣು ಉರಿಯುತ್ತದೆ, ರೆಪ್ಪೆ ಊದುತ್ತದೆ, ಮೂರು ವಾರ ದಾಟಿ ಹಚ್ಚಿದರೆ ಹುಣ್ಣು ಮಾಯುವುದೇ ನಿಲ್ಲುತ್ತದೆ. ಆ ರೊಟ್ಟಿಯ ಪಾಠವನ್ನು ನಾನು ಆಮೇಲೆ ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಈ ಮುಲಾಮನ್ನು ದಿನಕ್ಕೆ ಐದು ಸಲ ಹಚ್ಚಬೇಕು. ಹಾಲಪ್ಪ ಎಂಬ ಮಿಲ್ ಕಾರ್ಮಿಕನಿಗೆ ಬರೆದುಕೊಟ್ಟಿದ್ದರು. ಮನೆಯಲ್ಲಿ ಗಡಿಯಾರ ಇದೆಯಾ ಎಂದೆ, ಇಲ್ಲ ಎಂದ. ಓದು ಬರುತ್ತಾ ಎಂದೆ, ಅದೂ ಇಲ್ಲ. ನಾನಾಗ ಚಿಗುರು ಮೀಸೆಯ ಬುದ್ಧಿವಂತ. ಆ ಕಾಲದ ದಾವಣಗೆರೆಯಲ್ಲಿ ಗಡಿಯಾರ ಯಾರಿಗೆ ಬೇಕಿತ್ತು? ಪಾಳಿ ಬದಲಾದರೆ, ಊಟಕ್ಕೆ ಬಿಟ್ಟರೆ, ಕರೆದರೆ ಎಲ್ಲದಕ್ಕೂ ಮಿಲ್ಲಿನ ಸೈರನ್ನು ಹಗಲಿನಲ್ಲಿ ಐದು ಸಲ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಸೈರನ್ ಆದಾಗಲೆಲ್ಲ ಅಕ್ಕಿಕಾಳಿನಷ್ಟು ಹಚ್ಚು ಎಂದು ಹಾಲಪ್ಪನ ಹೆಂಡತಿಗೆ ಹೇಳಿ ಕಳಿಸಿದೆ. ಡಾಕ್ಟರೂ ಕೇಳಿ ತಲೆದೂಗಿದರು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಎರಡನೇ ವಾರ ಹಾಲಪ್ಪ ಬಂದ. ಕಣ್ಣು ಕೆಂಡ. ಮುಲಾಮಿನ ಟ್ಯೂಬು ಹೊಸದರಂತೆ ತುಂಬಿಕೊಂಡಿದೆ. ಯಾಕೆ ಹಚ್ಚಲಿಲ್ಲ ಎಂದು ಗದರಿದರೆ ಅವನ ಹೆಂಡತಿ ನನ್ನನ್ನೇ ತಪ್ಪಿತಸ್ಥನ ಹಾಗೆ ನೋಡಿದಳು.

"ಸೈರನ್ನೇ ಆಗ್ಲಿಲ್ಲ ಸಾರ್. ಎಂಟು ದಿನದಿಂದ ಮಿಲ್ಲು ಬಂದ್ ಐತೆ. ಟ್ಯೂಬ್ ಕೈಯಾಗ ಹಿಡ್ಕಂಡು ಬಾಗ್ಲಾಗ ಕುಂತೇ ಇದ್ದೆ."

ಮಿಲ್ಲಿನಲ್ಲಿ ಮುಷ್ಕರ ನಡೆದಿತ್ತು. ಹಾಲಪ್ಪ ಯೂನಿಯನ್ನಿನ ಗಟ್ಟಿ ಆಳು. ಸೈರನ್ ಆಗದೆ ಔಷಧಿ ಹಚ್ಚಿಕೊಂಡರೆ ಮುಷ್ಕರ ಮುರಿದಂತೆ ಆಗುತ್ತದೇನೋ ಎಂಬ ಅನುಮಾನವೂ ಅವನಿಗಿತ್ತಂತೆ. ಅದನ್ನು ಕೇಳಿ ಡಾಕ್ಟರು ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಣ್ಣಿನ ಹುಣ್ಣನ್ನು ಕೆರೆದು, ಮತ್ತೆ ಮುಲಾಮು ಹಚ್ಚಿ, ಹದಿನೈದು ದಿನದಲ್ಲಿ ವಾಸಿ ಮಾಡಿದರು. ನಾನು ಅದರಿಂದ ಕಲಿತ ಪಾಠ ಏನು ಗೊತ್ತೇ? ಔಷಧಿಯ ಹೊತ್ತನ್ನು ಎಂದೂ ಮುಷ್ಕರ ಹೂಡದಂಥ ಸದ್ದಿಗೆ ಕಟ್ಟಬೇಕು ಅಂತ. ನನ್ನಂಥ ಜಾಣರು ಪಾಠ ಕಲಿಯದೆ ಇರುವುದೇ ವಾಸಿ.

ಹತ್ತು ಹನ್ನೆರಡು ವರ್ಷ ಕಳೆದವು. ಎಂಬತ್ತರ ದಶಕದ ಕೊನೆಗೆ ಅಸೈಕ್ಲೊವಿರ್ ಗುಳಿಗೆ ಬಂತು. ಡಾಕ್ಟರು ಮೊದಲ ಸ್ಟ್ರಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಕೂಸನ್ನು ನೋಡಿದ ಹಾಗೆ ನೋಡಿದರು. ಇದರ ಮರಳು ಪೊಟ್ಟಣದಲ್ಲಿ ಕಟ್ಟಿದ ಮರಳು, ಆ ಪೊಟ್ಟಣ ಬಿಚ್ಚುವ ಕೈ ಇರುವುದು ಕಳ್ಳನಿಗೆ ಮಾತ್ರ, ಮನೆಯವರ ರೊಟ್ಟಿ ಬಹುಮಟ್ಟಿಗೆ ಕೆಡುವುದಿಲ್ಲ ಎಂದರು. ಸರ್ಪಸುತ್ತಿಗೂ ಕೊಡಬಹುದು, ಗುಳ್ಳೆ ಎದ್ದ ಮೂರು ದಿನದೊಳಗೆ ಶುರು ಮಾಡಬೇಕು ಎಂದೂ ಹೇಳಿದರು. ವೈರಸ್ಸು ನರದ ಬುಡದಲ್ಲಿ ಮಲಗಿದ್ದರೆ ಇದು ಏನೂ ಮಾಡದು. ಎದ್ದು ರೊಟ್ಟಿ ಬಡಿಯುವಾಗಲೇ ಹಿಡಿಯಬೇಕು.

ಸರ್ಪಸುತ್ತು ಅಂದರೆ ನಮ್ಮ ಕಡೆ ಯಾರೂ ಆಸ್ಪತ್ರೆಗೆ ಬರುತ್ತಿರಲಿಲ್ಲ. ಕುಂಬಾರರ ಮನೆಗೆ ಹೋಗುತ್ತಿದ್ದರು. ಹರಿಹರದ ನಮ್ಮ ಓಣಿಯಲ್ಲೇ, ನಮ್ಮ ಮನೆಗೆ ಎರಡು ಮನೆ ಆಚೆ, ಕುಂಬಾರ ತಿಪ್ಪಣ್ಣ ಇದ್ದ. ನಮ್ಮ ಅಪ್ಪನ ಗೆಳೆಯ, ಅರವತ್ತು ದಾಟಿದವನು, ನಾನು ಮಾವ ಎನ್ನುತ್ತಿದ್ದೆ. ಕೆಮ್ಮಣ್ಣು ಕಲಸಿ ಗುಳ್ಳೆಯ ಸುತ್ತ ಹಾವು ಬರೆಯುವುದು ಅವನ ಮನೆತನದ ವಿದ್ಯೆ. ಹಾವಿನ ತಲೆಗೂ ಬಾಲಕ್ಕೂ ನಡುವೆ ಒಂದು ಬೆರಳು ಜಾಗ ಬಿಡಲೇಬೇಕು, ಎರಡೂ ಕೂಡಿದರೆ ರೋಗಿ ಉಳಿಯುವುದಿಲ್ಲ ಎಂದು ನಂಬಿಕೆ. ನಲವತ್ತು ವರ್ಷದಲ್ಲಿ ತಿಪ್ಪಣ್ಣ ಮಾವ ಒಂದನ್ನೂ ಕೂಡಿಸಿರಲಿಲ್ಲ. ಅದೂ ಒಂದೇ ಕಣ್ಣಿನಲ್ಲಿ. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿನಿಂದ ಹೂ ಬಿದ್ದು ಕುರುಡಾಗಿತ್ತು. ಮಡಕೆ ತಿದ್ದುವುದು, ಹಾವು ಬರೆಯುವುದು, ಎಲ್ಲಕ್ಕೂ ಇದ್ದದ್ದು ಬಲಗಣ್ಣು ಒಂದೇ.

ಒಂದು ಬೇಸಿಗೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅವನು ತಲೆಗೆ ಟವಲು ಸುತ್ತಿಕೊಂಡು ಹಿತ್ತಿಲ ಬಾಗಿಲಿಂದ ಬಂದ. ಟವಲು ತೆಗೆದರೆ ಬಲಹಣೆಯ ತುಂಬ ಗುಳ್ಳೆ, ಬಲಗಣ್ಣಿನ ರೆಪ್ಪೆ ಊದಿದೆ, ಗುಳ್ಳೆಗಳ ಸುತ್ತ ಕೆಮ್ಮಣ್ಣಿನ ಹಾವು. ಸರ್ಪಸುತ್ತಿನ ಕುಂಬಾರನಿಗೇ ಸರ್ಪಸುತ್ತು. ಹೆಂಡತಿ ಗಂಗಮ್ಮ ಬರೆಯಲು ಒಲ್ಲೆ ಎಂದಿದ್ದಾಳೆ, ಮನೆಯಲ್ಲಿ ಬೇರೆ ಕೈ ಇಲ್ಲ. ಕನ್ನಡಿ ನೋಡಿಕೊಂಡು ಅರ್ಧ ಮುಚ್ಚಿದ ಕಣ್ಣಿನಲ್ಲಿ ತಾನೇ ಬರೆದುಕೊಂಡಿದ್ದಾನೆ. ಕನ್ನಡಿಯಲ್ಲಿ ಎಡ ಬಲ ತಿರುಗಾಮುರುಗಾ. ಬಿಡಬೇಕಾದ ಕಡೆ ಎಳೆದಿದ್ದಾನೆ.

"ಕೂಡಿಸಿಬಿಟ್ಟೆ ಕಣೋ ಇಸ್ಮಾಯಿಲ. ತಲೆ ಬಾಲ ಎರಡೂ ಕೂಡಿಸಿಬಿಟ್ಟೆ. ನನ್ನ ಕೈಯಾರೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒದ್ದೆ ಬಟ್ಟೆ ತಗೊಂಡು ಹಾವಿನ ಬಾಲ ಒರೆಸಿದೆ. ಒರೆಸಿದರೆ ಲೆಕ್ಕಕ್ಕಿಲ್ಲ, ಒಮ್ಮೆ ಕೂಡಿದ್ದು ಕೂಡಿದ್ದೇ ಎಂದು ಅವನ ವಾದ. ಸಾಯುವುದಾದರೆ ದಾವಣಗೆರೆ ನೋಡಿಕೊಂಡೇ ಸಾಯಿ ಬಾ ಮಾವ ಎಂದು ಬಸ್ಸಿಗೆ ಹತ್ತಿಸಿದೆ.

ಡಾಕ್ಟರು ಮೊದಲು ನೋಡಿದ್ದು ಅವನ ಮೂಗನ್ನು. ಮೂಗಿನ ತುದಿಯಲ್ಲಿ ಒಂದೇ ಒಂದು ಗುಳ್ಳೆ. ಅಲ್ಲಿಗೆ ಹೋಗುವ ನರವೇ ಕಣ್ಣಿನೊಳಕ್ಕೂ ಹೋಗುತ್ತದೆ, ಇಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಬಂತು ಅಂತಲೇ ತಿಳಿ ಎಂದು ನನಗೆ ಪಾಠ ಮಾಡಿದರು. ಆಮೇಲೆ, ಈ ಮಣ್ಣು ಮೆತ್ತಿದ ಮೂರ್ಖ ಯಾರು ಎಂದು ಕೇಳಿದರು. ಮಾವ ಎದ್ದು ನಿಂತು ಕೈಮುಗಿದು, ನಾನೇ ರೀ ಎಂದ. ಡಾಕ್ಟರು ಮುಂದೆ ಆ ಮಾತು ಎತ್ತಲಿಲ್ಲ. ಇರುವ ಒಂದು ಕಣ್ಣು ಉಳಿಯಬೇಕಾದರೆ ಅಸೈಕ್ಲೊವಿರ್ ಇವತ್ತೇ ಶುರುವಾಗಬೇಕು ಎಂದರು. ನಮ್ಮಲ್ಲಿದ್ದದ್ದು ಇನ್ನೂರು ಮಿಲಿಗ್ರಾಮಿನ ಗುಳಿಗೆ. ಸರ್ಪಸುತ್ತಿಗೆ ಒಂದು ಹೊತ್ತಿಗೆ ನಾಲ್ಕು, ದಿನಕ್ಕೆ ಐದು ಹೊತ್ತು, ಏಳು ದಿನ. ದಿನಕ್ಕೆ ಇಪ್ಪತ್ತು ಗುಳಿಗೆ. ಇಷ್ಟು ನುಂಗಿದರೆ ಊಟಕ್ಕೆ ಜಾಗ ಎಲ್ಲೈತೆ ಎಂದು ಮಾವ ಕೇಳಿದ.

ಐದು ಹೊತ್ತು ಯಾಕೆ ಎಂದು ಇವತ್ತಿನ ಮಕ್ಕಳು ತಿಳಿದಿರಬೇಕು. ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದೇ ಐದರಲ್ಲಿ ಒಂದು ಪಾಲು ಇದ್ದೀತು. ಸೇರಿದ್ದರಲ್ಲೂ ಮೂರು ಗಂಟೆಗೆ ಅರ್ಧ ಮೂತ್ರದಲ್ಲಿ ಹೊರಟುಹೋಗುತ್ತದೆ. ಅದಕ್ಕೇ ಎಚ್ಚರವಿರುವಷ್ಟು ಹೊತ್ತು ನಾಲ್ಕು ನಾಲ್ಕು ಗಂಟೆಗೆ ಕೊಡುವುದು. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಐದು ಎಂಬುದು ಕಿವಿಗೆ ಬಿದ್ದ ಕೂಡಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಓಣಿಯ ಮೂಲೆಯಲ್ಲೇ ಮಸೀದಿ, ದಿನಕ್ಕೆ ಐದು ಬಾಂಗು, ಮೈಕಿನಲ್ಲಿ. ಮಸೀದಿಗೆ ಮುಷ್ಕರ ಇಲ್ಲ, ಬಂದ್ ಇಲ್ಲ. ಬಾಂಗು ಆದಾಗ ನಾಲ್ಕು ಗುಳಿಗೆ ಕೊಡು ಅತ್ತೆ ಎಂದು ಗಂಗಮ್ಮನಿಗೆ ಹೇಳಿದೆ. ಅವಳು ಗಟ್ಟಿ ಹೆಂಗಸು, ಒಂದು ಬಾಂಗನ್ನೂ ತಪ್ಪಿಸಲಿಲ್ಲ.

ಮಾವನದು ಒಂದು ಷರತ್ತು. ಸರ್ಪಸುತ್ತಿನ ಕುಂಬಾರ ಇಂಗ್ಲಿಷ್ ಗುಳಿಗೆ ನುಂಗಿದ ಎಂದು ಊರಿಗೆ ಗೊತ್ತಾಗಬಾರದು. ಸರಿ, ಒಳಕೋಣೆಯಲ್ಲಿ ಅಡಗಿ ಕೂತ. ಬಂದವರಿಗೆಲ್ಲ ಗಂಗಮ್ಮ, ದೇವರಿಗೆ ಅಂತ ಉಕ್ಕಡಗಾತ್ರಿಗೆ ಹೋಗ್ಯಾರೆ, ಇವತ್ತೋ ನಾಳೆಯೋ ಬರ್ತಾರೆ ಎಂದಳು. ಸರ್ಪಸುತ್ತಿನವರು ತಡೆಯುತ್ತಾರೆಯೇ? ಅಂಗಳದಲ್ಲೇ ಬುತ್ತಿ ಬಿಚ್ಚಿ ಕಾಯುತ್ತ ಕೂತರು. ಒಂದು ಕುಟುಂಬವಂತೂ ಉಕ್ಕಡಗಾತ್ರಿಗೇ ಹೋಗಿ, ಇಡೀ ದಿನ ಹುಡುಕಿ, ಸಿಗದೆ ವಾಪಸು ಬಂದು ಮತ್ತೆ ಅಂಗಳದಲ್ಲಿ ಕೂತಿತು. ನಾನು ರಾತ್ರಿ ಬಂದವನೇ ಗುಳಿಗೆ ಆಯ್ತಾ ಎಂದು ಕಿಟಕಿಯಿಂದ ಕೇಳುತ್ತಿದ್ದೆ, ಆಯ್ತು ಎನ್ನುತ್ತಿದ್ದ. ನೀರು ಕುಡಿದೆಯಾ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮಕ್ಕಳೇ, ಈ ಗುಳಿಗೆಯ ಜೊತೆ ನೀರು ಧಾರಾಳ ಹೋಗದಿದ್ದರೆ ಅದು ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ಮಾವ ನೀರು ಬಿಟ್ಟೇಬಿಟ್ಟಿದ್ದ. ಯಾಕೆಂದರೆ ಮೂತ್ರಕ್ಕೆ ಹೋಗಲು ಅಂಗಳ ದಾಟಬೇಕು, ಅಂಗಳದಲ್ಲಿ ಜನ. ಅದೂ ಹರಿಹರದ ಬೇಸಿಗೆ.

ನಾಲ್ಕನೇ ದಿನ ಭಾನುವಾರ. ನನಗೆ ರಜೆ. ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ನಮಾಜು ಮುಗಿಸಿ ಮಸೀದಿಯಿಂದ ಹೊರಗೆ ಕಾಲಿಟ್ಟರೆ ಎದುರಿಗೆ ತಿಪ್ಪಣ್ಣ ಮಾವ. ಕೈಯಲ್ಲಿ ಕೆಮ್ಮಣ್ಣಿನ ಬೋಗುಣಿ. ನನ್ನ ಮುಂದಿದ್ದ ದರ್ಜಿ ಖಾದರ್ ಸಾಬರನ್ನು ತಡೆದು, ನಿಮಗೂ ಸುತ್ತೈತೆ ಅಲ್ಲಾಡಬ್ಯಾಡ್ರಿ ಎಂದು ಅವರ ಬಿಳಿ ಜುಬ್ಬಾದ ಮೇಲೆ ಹಾವು ಬರೆಯುತ್ತಿದ್ದಾನೆ. ಮಾವ ಹಿರಿಯ ಎಂಬ ಮರ್ಯಾದೆಗೆ ಖಾದರ್ ಸಾಬರು ಅಲ್ಲಾಡದೆ ನಿಂತಿದ್ದಾರೆ. ಓಣಿ ನೋಡಿದರೆ ಎಲ್ಲೆಲ್ಲೂ ಹಾವು. ಎಮ್ಮೆಯ ಹೊಟ್ಟೆಗೆ ಹಾವು. ನನ್ನ ಸೈಕಲ್ಲಿನ ಸೀಟಿಗೆ ಹಾವು. ಅಂಚೆ ಡಬ್ಬಿಗೆ ಸುತ್ತುಹಾವು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಆದರೆ ಒಂದು ಹಾವಿನಲ್ಲೂ ತಲೆ ಬಾಲ ಕೂಡಿರಲಿಲ್ಲ.

ಅಂಗಳದಲ್ಲಿ ಕಾದಿದ್ದವರಿಗೆ ಇದು ಪವಾಡವಾಯಿತು. ಉಕ್ಕಡಗಾತ್ರಿಗೆ ಹೋಗಿದ್ದ ಕುಂಬಾರ ಒಳಕೋಣೆಯಿಂದ ಹೊರಬಂದಿದ್ದಾನೆ, ಮೈಮೇಲೆ ದೇವರು ಬಂದಿದೆ! ರೋಗ ಇದ್ದವರು, ಇಲ್ಲದವರು, ಮುಂದೆ ಬರಬಾರದೆಂದು ಈಗಲೇ ಹಾಕಿಸಿಕೊಳ್ಳುವವರು, ಎಲ್ಲ ಸಾಲುಗಟ್ಟಿದರು. ನಾನು ಮಾವನ ರಟ್ಟೆ ಹಿಡಿದರೆ, ಸರದಿಯಲ್ಲಿ ಬರ್ರಿ ಎಂದು ಹಿಂದಿನಿಂದ ಯಾರೋ ನನ್ನನ್ನೇ ಗದರಿದರು.

ನಮ್ಮ ಅಮ್ಮ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ಮಾವ ಅವಳ ಮುಂದೆ ಕೂತು ಮುಂಗೈಗೆ ಹಾವು ಬರೆಯತೊಡಗಿದ. ಅಮ್ಮ ಕೈ ಕೊಟ್ಟು ಕೂತೇ, ಗಂಗಮ್ಮನನ್ನು ಗುಳಿಗೆ ಯಾವಾಗ ಯಾವಾಗ ಕೊಟ್ಟೆ ಎಂದು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಳಿಹೊತ್ತಿನ ಅಸರ್ ಆಗಿ ಮಗ್ರಿಬ್ ಆಗೋದ್ರೊಳಗ ಒಂದು ಕೊಡ ನೀರು ತರಾಕ ಆಗಲ್ಲ. ಅದು ಮುಗಿದು ಇಶಾ ಅಂದ್ರೆ ಅನ್ನ ಬೇಯೋ ಹೊತ್ತು. ಅಷ್ಟರಾಗೆ ಹನ್ನೆರಡು ಗುಳಿಗೆ ಹಾಕೀಯಲ್ಲೋ. ಐದು ಹೊತ್ತು ನಮಾಜು ಮಾಡೋನಿಗೆ ಇಷ್ಟೂ ತಿಳೀಲಿಲ್ಲೇನು?"

ಮೂವತ್ತು ವರ್ಷ ಆ ಬಾಂಗು ಕೇಳಿಕೊಂಡು ಬೆಳೆದವನು ನಾನು. ನಸುಕಿಗೆ ಒಂದು, ಆಮೇಲೆ ಎಂಟು ತಾಸು ಖಾಲಿ, ಮಧ್ಯಾಹ್ನ ಒಂದು, ಸಂಜೆಗೆ ಮೂರು ಒಂದರ ಬೆನ್ನಿಗೆ ಒಂದು. ಬೆಳಗಿನ ಹೊತ್ತಿನಲ್ಲಿ ವೈರಸ್ಸಿಗೆ ರಜೆ, ಸಂಜೆ ಮುದುಕನ ತಲೆಗೆ ಏಟು. ಒಣಗಿದ ಮೈಯಲ್ಲಿ ಔಷಧಿ ಹೊರಗೆ ಹೋಗಲು ದಾರಿಯಿಲ್ಲದೆ ತಲೆಗೆ ಹತ್ತಿತ್ತು. ಗಂಗಮ್ಮ ಆಗಲೇ ಇಶಾದ ನಾಲ್ಕು ಗುಳಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಾಂಗಿಗೆ ಕಿವಿಗೊಟ್ಟು ನಿಂತಿದ್ದಳು. ಅವಳ ಮುಷ್ಟಿಯಿಂದ ಕಿತ್ತುಕೊಂಡೆ.

ಹೂವಿನ ವ್ಯಾಪಾರಿಯೊಬ್ಬನ ಟೆಂಪೊದಲ್ಲಿ ಮಾವನನ್ನು ದಾವಣಗೆರೆಗೆ ಕರೆತಂದೆ. ಡ್ರೈವರನ ಕುತ್ತಿಗೆಗೂ ಹಾವು ಬಿತ್ತು. ಡಾಕ್ಟರು ಗೆಳೆಯರಾದ ಫಿಜಿಷಿಯನ್ ಒಬ್ಬರನ್ನು ಕರೆಸಿ, ಸಲೈನ್ ಏರಿಸಿ, ರಕ್ತ ಪರೀಕ್ಷೆಗೆ ಕಳಿಸಿ, ಆಮೇಲೆ ನನ್ನನ್ನು ಒಳಗೆ ಕರೆದರು. ಯಾವ ಹೊತ್ತಿಗೆ ಕೊಟ್ಟದ್ದು ಎಂದು ಕೇಳಿದರು. ಬಾಂಗಿಗೆ ಎಂದೆ. ಅವರು ಒಂದು ಚೀಟಿಯ ಮೇಲೆ ಉದ್ದ ಗೆರೆ ಎಳೆದು, ನಾನು ಹೇಳಿದ ಒಂದೊಂದು ಹೊತ್ತಿಗೂ ಚುಕ್ಕಿ ಇಟ್ಟರು. ಗೆರೆಯ ಈ ತುದಿಯಲ್ಲಿ ಒಂಟಿ ಚುಕ್ಕಿ, ಆ ತುದಿಯಲ್ಲಿ ಗುಂಪು. ಬಯ್ಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬಯ್ಯಲಿಲ್ಲ, ಅದೇ ಹೆಚ್ಚು ನೋವಾಯಿತು.

"ಮುದುಕನಿಗೆ ಇಷ್ಟು ಡೋಸ್ ಬರೆಯೋ ಮೊದಲು ನಾನು ಕಿಡ್ನಿ ಪರೀಕ್ಷೆ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಅರ್ಧ ತಪ್ಪು ನಂದು, ಅರ್ಧ ನಿಂದು. ಆದರೆ ಕಣ್ಣು ಪೂರ್ತಿ ಅವನದು ಇಸ್ಮಾಯಿಲ್."

ಮುಂದಿನ ಮಾತು ಅದಕ್ಕಿಂತ ಭಯದ್ದು. ಗುಳಿಗೆ ನಿಲ್ಲಿಸಿದರೆ ವೈರಸ್ಸು ಕಣ್ಣಿಗೆ ನುಗ್ಗುತ್ತದೆ, ಕೊಟ್ಟರೆ ಮೂತ್ರಪಿಂಡ ಮತ್ತು ತಲೆ. ಒಂದು ದಿನ ಪೂರ್ತಿ ನಿಲ್ಲಿಸಿ ಮೈಗೆ ನೀರು ತುಂಬುವುದು, ಮಾರನೆ ದಿನದಿಂದ ಕಡಿಮೆ ಪ್ರಮಾಣದಲ್ಲಿ ಗಡಿಯಾರ ನೋಡಿ ಕೊಡುವುದು ಎಂದು ತೀರ್ಮಾನವಾಯಿತು. ಆ ಒಂದು ದಿನ ಕಣ್ಣು ಇನ್ನೂ ಕೆಂಪಾಯಿತು, ಕರಿಗುಡ್ಡೆಯ ಮೇಲೆ ಮೋಡ ಕವಿದ ಹಾಗೆ ಮಸುಕು ಬಂತು. ನಾನು ಮನೆಗೆ ಹೋಗಲಿಲ್ಲ. ಲೋಟ ಹಿಡಿದು ತಾಸಿಗೊಮ್ಮೆ ನೀರು ಕುಡಿಸುವುದು, ಮೂತ್ರ ಅಳೆದು ಬರೆಯುವುದು ನನ್ನದೇ ಕೆಲಸ. ಎರಡನೇ ದಿನ ಮಾವನ ತಲೆ ತಿಳಿಯಾಯಿತು. ಬಂದ ರಾತ್ರಿ ಆಸ್ಪತ್ರೆಯ ಗೋಡೆಯ ಮೇಲೆ ತಾನೇ ಹಾಕಿದ್ದ ಹಾವು ನೋಡಿ, ಇದನ್ನ ಯಾವ ಬೇಕೂಫ ಬರೆದಾನೆ, ಗೋಡೆಗೆಲ್ಲಿ ಸುತ್ತಾಗ್ತೈತೆ ಎಂದ.

ತಲೆ ತಿಳಿಯಾದ ಮೇಲೆ ಅವನಿಗೆ ಹೆದರಿಕೆ ಹತ್ತಿತು. ಅಂದು ಸಂಜೆ ಕಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿದರು, ಪೂರಾ ಕತ್ತಲು. ನನ್ನ ಕೈ ತಡಕಿ ಹಿಡಿದುಕೊಂಡು, ಕಣ್ಣು ಹೋದ್ರೆ ಹೇಳಿಬಿಡೋ, ಮುಚ್ಚಿಡಬ್ಯಾಡ ಎಂದ. ಹಾವು ಬರೆಯೋದು ಹೋದರೆ ಹೋಗಲಿ, ತಿಗರಿಯ ಮೇಲಿನ ಮಡಕೆಯ ಬಾಯಿ ಕಾಣಿಸದಿದ್ದರೆ ತಾನು ಯಾರು ಅಂತ. ನಾನು ಏನೋ ಒಂದು ಹೇಳಬೇಕಿತ್ತು. ಬಾಂಗಿನ ವಿಷಯ ಅವನಿಗೆ ಅಲ್ಲೇ ಬಿಚ್ಚಿ ಹೇಳಿದೆ, ತಪ್ಪು ನಂದು ಮಾವ ಎಂದೆ. ಅವನು ಹಿಡಿದ ಕೈ ಬಿಡಲಿಲ್ಲ.

ಗುಳಿಗೆಯ ಕೋರ್ಸು ಮುಗಿದ ಮಾರನೇ ದಿನ ಪಟ್ಟಿ ಬಿಚ್ಚಿದರು. ಗಂಗಮ್ಮ ಬಾಗಿಲ ಹೊರಗೇ ನಿಂತಳು, ಒಳಗೆ ಬರುವ ಧೈರ್ಯ ಅವಳಿಗಿರಲಿಲ್ಲ. ನಾನು ಡಾಕ್ಟರ ಹಿಂದೆ ಕಪಾಟಿಗೆ ಆತು ನಿಂತಿದ್ದೆ. ಡಾಕ್ಟರು ಬೆಚ್ಚಗಿನ ನೀರಿನಲ್ಲಿ ರೆಪ್ಪೆ ಒರೆಸಿ, ನಿಧಾನ ತೆರೆ ಎಂದರು. ಮಾವ ಕಣ್ಣು ತೆರೆದ. ನೀರು ಸುರಿಯಿತು. ಡಾಕ್ಟರು ಮೂರು ಬೆರಳು ಹಿಡಿದು, ಎಷ್ಟು ಎಂದು ಕೇಳಿದರು.

ಮಾವ ಮಾತಾಡಲಿಲ್ಲ.

ಬೆರಳನ್ನು ಹತ್ತಿರ ತಂದು ಮತ್ತೆ ಕೇಳಿದರು. ಡಾಕ್ಟರ ಕೈ ಸ್ವಲ್ಪ ಕೆಳಗಿಳಿಯಿತು. ನಾನು ಕಪಾಟು ಹಿಡಿದುಕೊಂಡೆ.

"ನಿಮ್ಮ ಬೆರಳು ಆಮೇಲೆ ಎಣಿಸಾನ ತಡೀರಿ ಡಾಕ್ಟ್ರೆ," ಎಂದ ಮಾವ. "ಮೊದ್ಲು ಹಿಂದೆ ನಿಂತಾನಲ್ಲ, ಆ ಇಸ್ಮಾಯಿಲಂಗೆ ಒಂದು ಅರಿವೆ ಕೊಡ್ರಿ. ಇಷ್ಟು ದೊಡ್ಡೋನಾಗಿ ಅಳ್ತಾ ನಿಂತಾನೆ, ಮೂಗೆಲ್ಲ ಸೋರ್ತಾ ಐತೆ."

ಡಾಕ್ಟರು ತಿರುಗಿ ನೋಡಿ, ತಮ್ಮ ಕರ್ಚೀಫು ತೆಗೆದು ಕೊಟ್ಟರು.